ಕಳ್ಳ ಸ್ವಿಚ್ಚು

ಅವರ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ವೈರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿದು ಸುಲಿದು ಆದದ್ದು. ಸಾಗರದಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿದ್ದ ಅವರನ್ನು ನಾವೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು.

ಎಪ್ಪತ್ತರ ದಶಕದ ಕೊನೆಗೆ ಕಾರು ಕಳ್ಳತನದ ಸುದ್ದಿ ಹಬ್ಬಿ, ಟ್ಯಾಕ್ಸಿಯವರೆಲ್ಲ ಅವರ ಹತ್ತಿರ ಕಳ್ಳ ಸ್ವಿಚ್ಚು ಹಾಕಿಸಿಕೊಂಡರು. ಅದನ್ನು ಒತ್ತದೆ ಕೀಲಿ ಎಷ್ಟು ತಿರುಗಿಸಿದರೂ ಇಂಜಿನ್ ಹಿಡಿಯುವುದಿಲ್ಲ. ಹಾಕುವಾಗ ಮಾಲೀಕನೊಬ್ಬನನ್ನು ಬಿಟ್ಟು ಉಳಿದವರನ್ನು ಚಾ ಕುಡಿಯಲು ಅಟ್ಟುತ್ತಿದ್ದರು. ಹೊಸನಗರದಲ್ಲಿ ಟ್ಯಾಕ್ಸಿ ಇಟ್ಟಿದ್ದ ನನ್ನ ಅಣ್ಣನ ಜೊತೆ ಹೋದಾಗ ನನ್ನನ್ನೂ ಅಟ್ಟಿದರು.

"ತಮ್ಮ ಆದ್ರೂ ಅಷ್ಟೇಯ. ಮೂರನೆಯವರಿಗೆ ಗೊತ್ತಾದ್ರೆ ಗುಟ್ಟು ರಟ್ಟು. ಹೆಂಡ್ತಿಗೂ ಹೇಳ್ಬೇಡಿ" ಎಂದು ಅಣ್ಣನಿಂದ ಮಾತು ತೆಗೆದುಕೊಂಡರು. ನಾನು ಮೂವತ್ತು ದಾಟಿದ ಶಾಲೆ ಮೇಷ್ಟ್ರು. ಸಿಟ್ಟು ಬಂತು. ಹೋಗಿ ಚಾ ಕುಡಿದೆ.

ಅಣ್ಣ ಮಾತಿಗೆ ತಪ್ಪುವವನಲ್ಲ. ಎರಡು ವರ್ಷದ ಮೇಲೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದವನು ಕುಸಿದ. ಬಲಗಡೆಯ ಕೈಕಾಲು ಬಿದ್ದುಹೋದವು, ನಾಲಿಗೆ ಹೊರಳಲಿಲ್ಲ. ಊರಿನ ಬೇರೆ ಟ್ಯಾಕ್ಸಿಗಳೆಲ್ಲ ಮದುವೆ ಬಾಡಿಗೆಗೆ ಹೋಗಿದ್ದವು. ಅವನನ್ನು ಅವನ ಕಾರಿನ ಹಿಂದಿನ ಸೀಟಿನಲ್ಲೇ ಮಲಗಿಸಿ, ಅತ್ತಿಗೆಯನ್ನು ಜೊತೆಗೆ ಕೂರಿಸಿ ಕೀಲಿ ತಿರುಗಿಸಿದೆ. ಮೇಸ್ತ್ರಿ ಹಿಂದೊಮ್ಮೆ ಹೇಳಿಕೊಟ್ಟಿದ್ದರು: "ಮೊದ್ಲು ಹಾರನ್ ಹೊಡೀರಿ, ಆಮೇಲೆ ಲೈಟ್ ನೋಡಿ. ಎರಡೂ ಜೋರಿದ್ರೆ ಬ್ಯಾಟ್ರಿ ಸರಿ ಇದೆ." ಎರಡೂ ಜೋರಾಗಿದ್ದವು. ಸ್ಟಾರ್ಟರ್ ತಿರುಗಿತು, ಇಂಜಿನ್ ಹಿಡಿಯಲಿಲ್ಲ. ಸ್ವಿಚ್ಚಿಗಾಗಿ ಡ್ಯಾಶ್‌ಬೋರ್ಡಿನ ಅಡಿ, ಸೀಟಿನ ಕೆಳಗೆ, ಪೆಡಲುಗಳ ಹಿಂದೆ ತಡಕಾಡಿದೆ. ಅಣ್ಣ ಎಡಗೈಯಿಂದ ನಾನು ಕೂತ ಸೀಟಿನ ಬೆನ್ನನ್ನು ಬಡಿಯುತ್ತಲೇ ಇದ್ದ.

"ಬೇಗ ಹೊರಡು ಅಂತಿದಾರೆ" ಎಂದರು ಅತ್ತಿಗೆ.

ಕೊನೆಗೆ ಬಸ್ಸಿಗೆ ಹತ್ತಿಸಿದೆವು. ಸಾಗರ ಮುಟ್ಟುವಷ್ಟರಲ್ಲಿ ಅವನಿರಲಿಲ್ಲ.

ಮರುದಿನ ಮೇಸ್ತ್ರಿ ಬಂದರು. ಅಂಗಳದಲ್ಲಿದ್ದ ಕಾರಿನೊಳಗೆ ಕೂತು, ಕೈ ಹಿಂದಕ್ಕೆ ಚಾಚಿ, ಸೀಟಿನ ಬೆನ್ನಿನ ರೆಕ್ಸಿನ್ ಅಡಿ ಏನನ್ನೋ ಒತ್ತಿ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಹಿಡಿಯಿತು. ಸದ್ದು ಕೇಳಿ ಅತ್ತಿಗೆ ಬಾಗಿಲಿಗೆ ಬಂದು ನಿಂತರು.

"ಅಣ್ಣ ಬಡೀತಿದ್ದದ್ದು ಅಲ್ಲೇ" ಎಂದೆ.

ಮೇಸ್ತ್ರಿ ಇಂಜಿನ್ ನಿಲ್ಲಿಸಿದರು. "ಹೇಳ್ಬೇಡಿ ಅಂದವ ನಾನೇ ಅಲ್ವ."

ನನಗೆ ಅಳು ಬರಲಿಲ್ಲ, ಬೈಯಲೂ ಆಗಲಿಲ್ಲ. ಸೂತಕದ ಮನೆ ಎಂಬುದನ್ನೂ ಮರೆತು, ಚಾ ಕುಡೀತೀರಾ ಎಂದು ಕೇಳಿದೆ.

ಆಮೇಲೆ ಅವರು ಅಂಥ ಸ್ವಿಚ್ಚು ಇನ್ನೊಂದು ಹಾಕಲಿಲ್ಲ. ಹಾಕಿದ್ದ ಕಾರುಗಳನ್ನು ಹುಡುಕಿಕೊಂಡು ಹೊಸನಗರ, ತೀರ್ಥಹಳ್ಳಿ ಎಂದು ಬಸ್ಸಿನಲ್ಲಿ ಅಲೆದು, ಮನೆಯವರನ್ನೆಲ್ಲ ಕರೆದು ತೋರಿಸಿ ಬಂದರು. ಕೆಲವರು "ತಲೆ ನೆಟ್ಟಗಿದ್ಯಾ ನಿಮ್ಗೆ" ಎಂದು ಬೈದು ಕಳಿಸಿದರಂತೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮೇಸ್ತ್ರಿ ತೀರಿಕೊಂಡರು. ನಾನು ಹೋಗಿದ್ದೆ. ತೀರ್ಥಹಳ್ಳಿ ಕಡೆಯ ಹೆಂಗಸೊಬ್ಬರು ಗಂಡನನ್ನು ಕೂರಿಸಿಕೊಂಡು ತಾವೇ ಕಾರು ಓಡಿಸಿ ಬಂದಿದ್ದರು.

"ಇವ್ರಿಗೆ ಹಾವು ಕಚ್ಚಿದಾಗ ನಾನೇ ಸ್ವಿಚ್ಚೊತ್ತಿ ಆಸ್ಪತ್ರೆಗೆ ಕರ್ಕೊಂಡ್ಹೋದೆ" ಎಂದರು ನನ್ನ ಹತ್ತಿರ. "ಮೇಸ್ತ್ರಿ ಮನೆಗೆ ಬಂದು ತೋರ್ಸಿದ್ರು. ಯಾಕೆ ಅಂತ ಕೇಳಿದ್ರೆ ಹೇಳ್ಲಿಲ್ಲ. ನಿಮ್ಗೇನಾದ್ರೂ ಗೊತ್ತಾ?"

ಇಲ್ಲ ಎಂದೆ.

ಅವರ ಗಂಡ ಬಗ್ಗಿ ಮೇಸ್ತ್ರಿಯ ಪಾದ ಮುಟ್ಟುತ್ತಿದ್ದರು. ಅಣ್ಣ ಇದ್ದಿದ್ದರೆ ಅವನಿಗೂ ಆ ಮನುಷ್ಯನಷ್ಟೇ ವಯಸ್ಸಾಗಿರುತ್ತಿತ್ತು.