ಪ್ಲೇಟು ಹಿಡಿಯುವ ಕೈ

ಶಿರಾದ ಮೈಕ್ ಸೆಟ್ ಬಾಬಾಸಾಬರು ಗ್ರಾಮಫೋನಿನ ಹಾಡಿನ ಪ್ಲೇಟಿಗೆ ಎಂದೂ ಬೆರಳು ತಾಗಿಸುತ್ತಿರಲಿಲ್ಲ. ಎರಡು ಅಂಗೈಗಳ ನಡುವೆ, ಅಂಚಷ್ಟೇ ಮುಟ್ಟುವಂತೆ ಎತ್ತುತ್ತಿದ್ದರು. ಬೇರೆ ಯಾರಾದರೂ ಕಪ್ಪು ಗೀರುಗಳ ಮೇಲೆ ಬೆರಳಿಟ್ಟರೆ ಕೈಮೇಲೆ ಛಟೀರನೆ ಒಂದು ಬಿಡುತ್ತಿದ್ದರು. "ರೊಟ್ಟಿ ಏನ್ಲಾ ಇದು, ಮುರ್ಕೊಂಡು ತಿನ್ನಕ್ಕೆ?"

ನನ್ನ ಮದುವೆಗೆ, ಮೊಮ್ಮಕ್ಕಳೇ, ಗೌಡಗೆರೆ ಹತ್ತಿರದ ನಮ್ಮ ಕೇರಿಗೆ ಹಿಂದಿನ ದಿನವೇ ಬಂದರು. ಊರಾಚೆಯ ಆ ಕೇರಿಯಲ್ಲಿ ಮೈಕ್ ಕಟ್ಟಲು ಊರಿನವರು ಅದುವರೆಗೆ ಬಿಟ್ಟಿರಲಿಲ್ಲ. ಸಾಬರು ಪೆಟ್ಟಿಗೆ ತೆರೆದು ನನ್ನನ್ನೇ ಕೇಳಿದರು:

"ಮದ್ಲಗಿತ್ತಿ, ನಿಂಗ್ಯಾವ್ದು ಬೇಕವ್ವ? ಪಾವಗಡದ ನೆಂಟ್ರಿಗೆ ತೆಲುಗು ನಾಟಕದ ಪದ್ಯ ಐತೆ. ಉಂಡಾದ್ಮೇಲೆ ಕವ್ವಾಲಿ ಹಾಕುದ್ರೆ ಅನ್ನ ಅರಗ್ತದೆ. ಇದು ನಾಗಸ್ವರ. ನಮ್ಮಪ್ಪನ ಕಾಲದ್ದು, ಈಗ ಹೊಸ ಪ್ಲೇಟಾಗಿ ಬಂದೈತೆ. ತಾಳಿ ಕಟ್ಟಕ್ಕೆ ಇದೇ ಚೆಂದ."

ನನಗೇನು ಬೇಕೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ನಾಚಿ ಒಳಗೆ ಓಡಿಬಿಟ್ಟೆ.

ಮರುದಿನ ಮುಹೂರ್ತಕ್ಕೆ ಮುಂಚೆ ಊರಿನ ಗಂಡಸರು ದೊಣ್ಣೆ ಹಿಡಿದು ಬಂದರು.

"ಇಳಸ್ಲಾ ಮೈಕಿನ ಹಾರನ್ನು! ಊರ್ ಕಡೀಕೆ ತಿರುಗ್ಸಿದ್ದೀಯ?"

"ಗಾಳೀನೂ ಊರ್ ಕಡೀಕೇ ಬೀಸ್ತೈತೆ ಯಜಮಾನ್ರೇ. ಅದುನ್ನೂ ಹೊಡೀರಿ," ಎಂದರು ಸಾಬರು.

ಅಷ್ಟಕ್ಕೇ ಮೊದಲ ಏಟು ಬಿತ್ತು. ಪೆಟ್ಟಿಗೆ ಬೋರಲು ಹಾಕಿ ಪ್ಲೇಟುಗಳನ್ನು ತುಳಿದರು. ಆಯಲು ಬಗ್ಗಿದ ಸಾಬರ ಕೈಗಳನ್ನು ಒರಳುಕಲ್ಲಿಗೆ ಒತ್ತಿ ಹಿಡಿದು ಬೆರಳುಗಳನ್ನು ಜಜ್ಜಿದರು. ನಮ್ಮವ್ವ ಹಾಡಿನ ಯಂತ್ರದ ಮೇಲೆ ಮಕಾಡೆ ಬಿದ್ದು ಏಟೆಲ್ಲ ಬೆನ್ನಿಗೆ ತೆಗೆದುಕೊಂಡಳು. ಕೇರಿಯ ಹೆಂಗಸರು ಒನಕೆ ಎತ್ತಿಕೊಂಡು ನುಗ್ಗಿ, ಒಬ್ಬನ ಹಣೆ ಒಡೆದ ಮೇಲೆ ಊರಿನವರು ಓಡಿದರು.

ಚಪ್ಪರದ ತುಂಬ ರಕ್ತ, ಕಪ್ಪು ಚೂರು. ಅವ್ವ ಎದ್ದಾಗ ಯಂತ್ರ ಉಳಿದಿತ್ತು, ಮೇಲೆ ಕಟ್ಟಿದ್ದ ಹಾರನ್ನೂ. ಮುಚ್ಚಳದೊಳಗೆ, ಮುಹೂರ್ತಕ್ಕೆಂದು ಮೊದಲೇ ಇಟ್ಟಿದ್ದ ನಾಗಸ್ವರವೂ ಉಳಿದಿತ್ತು.

"ಮೈಕ್ ಬ್ಯಾಡ, ಸುಮ್ಕೆ ತಾಳಿ ಕಟ್ಟುಸ್ಬುಡಿ," ಎಂದರು ನನ್ನ ಮಾವ, ನಿಮ್ಮ ಮುತ್ತಾತ.

ಕೈಗೆ ಟವಲು ಸುತ್ತಿಕೊಂಡಿದ್ದ ಸಾಬರು ನನ್ನತ್ತ ತಿರುಗಿದರು. "ಈಗ್ಲಾದ್ರೂ ಹೇಳವ್ವ. ಬೇಕಾ, ಬ್ಯಾಡ್ವಾ?"

"ಬೇಕು," ಎಂದೆ. ಎಲ್ಲರಿಗೂ ಕೇಳಿಸಿತು.

"ನನ್ ಕೈ ಆಡಲ್ಲ. ನೀನೇ ಪ್ಲೇಟಿನ ಮ್ಯಾಲೆ ಮುಳ್ಳು ಇಕ್ಕು. ಮೆತ್ತಗೆ, ಮಗೀನ ಕೆನ್ನೆ ಮುಟ್ದಂಗೆ."

ಹಸೆಯಿಂದ ಎದ್ದು ಹೋಗಿ ಇಟ್ಟೆ. ನಾಗಸ್ವರ ಊರಿನ ಕಡೆಗೇ ಹೋಯಿತು.

ಸಾಬರನ್ನು ಕೊನೆಯ ಸಲ ನೋಡಿದ್ದು, ಎಷ್ಟೋ ವರ್ಷಗಳ ಮೇಲೆ, ಶಿರಾ ಬಸ್ ನಿಲ್ದಾಣದ ಹೋಟೆಲಿನಲ್ಲಿ. ಬೆರಳುಗಳು ಸೆಟೆದುಹೋಗಿದ್ದವು, ಸೆಟ್ಟು ಮಾರಿದ್ದರು.

"ಆ ನಾಗಸ್ವರ ಈಗ ಕ್ಯಾಸೆಟ್ಟಲ್ಲೂ ಬಂದೈತೆ ಕಣವ್ವ. ತಗಾ. ಪ್ಲೇಟಿನಂಗಿರಲ್ಲ, ಆದ್ರೂ ತಗಾ."

ಅಷ್ಟರಲ್ಲಿ ಟೀ ಬಂತು. ಸಾಬರು ಲೋಟವನ್ನು ಎರಡು ಅಂಗೈಗಳ ನಡುವೆ, ಬೆರಳು ತಾಗಿಸದೆ ಎತ್ತಿದರು. ಒಂದು ಹನಿಯೂ ಚೆಲ್ಲಲಿಲ್ಲ.