ಬಲಗಾಲಿನ ಚಪ್ಪಲಿ

ಕಾದ ರಬ್ಬರಿನ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಸಿಟ್ಟು ನೆತ್ತಿಗೇರುತ್ತದೆ. ಕಳೆದ ವಾರ ನನ್ನ ಮಗಳು ಹಳೆಯ ಮೌಂಟನ್ ಬೈಕನ್ನು ವಸಂತಪುರದ ನಮ್ಮ ಇಳಿಜಾರಿನಲ್ಲಿ ಬಿಟ್ಟುಕೊಂಡು ಬಂದು ಮನೆಯ ಗೇಟಿಗೆ ಗುದ್ದಿ ನಿಂತಳು. ಗೇಟು ನಾನೇ ಮಾಡಿದ್ದು, ಅದಕ್ಕೇನೂ ಆಗಲಿಲ್ಲ. "ಬ್ರೇಕ್ ಹಿಡೀಲೇ ಇಲ್ಲಪ್ಪಾ," ಎಂದು ನಕ್ಕಳು. ಚಕ್ರದಿಂದ ಆ ವಾಸನೆ ಏಳುತ್ತಿತ್ತು. ಜಗುಲಿಯ ಮೇಲೆ ಕೂತಿದ್ದ ನಮ್ಮಪ್ಪನೂ ನಕ್ಕ. "ಕಾಲು ಕೊಡ್ಬೇಕಿತ್ತು ಕಣವ್ವಾ. ಕಾಲಿರೋದ್ಯಾಕೆ?"

ಅಲ್ಲಿಗೆ ನನ್ನ ತಲೆ ಕೆಟ್ಟಿತು. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಅಪ್ಪ ಹಾಲಿನವನು. ಕೋಣನಕುಂಟೆ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಸೈಕಲ್ಲಿನ ಹಿಂದೆ ಎರಡು ಕ್ಯಾನು ಕಟ್ಟಿಕೊಂಡು ಜೆ.ಪಿ. ನಗರದ ಮನೆಗಳಿಗೆ ಹಾಲು ಹಾಕುತ್ತಿದ್ದ. ಆ ಸೈಕಲ್ಲಿನ ಬ್ರೇಕು ಯಾವತ್ತೋ ಮುರಿದಿತ್ತು, ಅವನು ಮತ್ತೆ ಹಾಕಿಸಲೇ ಇಲ್ಲ. ನಿಲ್ಲಿಸಬೇಕೆಂದರೆ ಬಲಗಾಲಿನ ಚಪ್ಪಲಿಯನ್ನು ಮುಂದಿನ ಟೈರಿಗೆ ಒತ್ತುವುದು, ರಬ್ಬರು ಕಾದು ಅದೇ ವಾಸನೆ. ಉಜ್ಜಿ ಉಜ್ಜಿ ಬಲಗಾಲಿನದು ದೋಸೆಯಷ್ಟು ತೆಳ್ಳಗಾಗಿ ತೂತು ಬೀಳುತ್ತಿತ್ತು. ಎಡಗಾಲಿನದು ಅಂಗಡಿಯಿಂದ ತಂದ ಹಾಗೇ ಇರುತ್ತಿತ್ತು. ನಮ್ಮ ಮನೆಯ ಅಟ್ಟದ ಮೇಲೆ ಎಡಗಾಲಿನ ಚಪ್ಪಲಿಗಳದೇ ಒಂದು ರಾಶಿ. ಯಾರಾದರೂ ಕೇಳಿದರೆ "ಬ್ರೇಕು ಹೆದ್ರೋರಿಗೆ" ಅನ್ನುತ್ತಿದ್ದ. ಹಾಲು ಕೊಳ್ಳುವ ಹೆಂಗಸರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ನನ್ನ ಕಣ್ಣಿಗೆ ಅಪ್ಪ ಸರ್ಕಸ್ಸಿನವನು.

ಒಂದು ಮಳೆಯ ಬೆಳಿಗ್ಗೆ, ನನ್ನನ್ನು ಶಾಲೆಗೆ ಬಿಡಲೆಂದು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ನಮ್ಮ ಇದೇ ಇಳಿಜಾರಿನಲ್ಲಿ ಬರುವಾಗ, ಒದ್ದೆ ಟೈರಿನ ಮೇಲೆ ಆ ಚಪ್ಪಲಿ ಜಾರಿತು. ಹಾಲು, ಪುಸ್ತಕ, ಅಪ್ಪ, ನಾನು, ಎಲ್ಲ ಒಟ್ಟಿಗೆ ಚರಂಡಿಯಲ್ಲಿ. ಅಪ್ಪನ ಬಲಗಾಲು ಮುರಿಯಿತು. ಇನ್ನು ಹಾಲು ಹಾಕುವವರು ಯಾರು? ಏಳನೇ ಕ್ಲಾಸಿನ ನಾನು. ಮೇಷ್ಟ್ರು ಮನೆಗೇ ಬಂದು ಕೇಳಿದರು. "ಏನೋ ಆಗೋಯ್ತು ಸಾರ್, ಹುಡ್ಗ ಅಡ್ಜಸ್ಟ್ ಮಾಡ್ಕೊತಾನೆ," ಎಂದ ಅಪ್ಪ. ಕಾಲು ಸೊಟ್ಟಗೆ ಕೂಡಿಕೊಂಡಿತು. ನಾನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಇಷ್ಟು ವರ್ಷದಲ್ಲಿ ಈ ಮಾತು ಎದ್ದಾಗಲೆಲ್ಲ ಅವನದು ಒಂದೇ ಉತ್ತರ: "ಚಪ್ಪಲಿ ಹಳೇದಾಗಿತ್ತು ಕಣ್ಲಾ." ಬ್ರೇಕಿನ ಹೆಸರೇ ಎತ್ತುವುದಿಲ್ಲ!

ಇವತ್ತು ನಾನು ಗೇಟು, ಗ್ರಿಲ್ಲು ಮಾಡುತ್ತೇನೆ. ಬನಶಂಕರಿಯಿಂದ ಇಲ್ಲಿಯವರೆಗೆ ನನ್ನ ಗ್ರಿಲ್ಲು ಇಲ್ಲದ ರಸ್ತೆ ಇಲ್ಲ ಎಂದರೆ ಜಂಬ ಅನ್ನಬೇಡಿ. ಅಂದರೂ ಅನ್ನಿ, ಜಂಬವೇ. ಈ ಬೈಕೂ ಹಾಗೆ ಬಂದದ್ದು. ಗ್ರಿಲ್ಲು ಹಾಕಿದ ಮನೆಯೊಂದರಲ್ಲಿ ಧೂಳು ತಿನ್ನುತ್ತಿತ್ತು. ಸುಮ್ಮನೆ ಕೊಡಲು ಬಂದರು. ನಾನು ದುಡ್ಡು ಕೊಟ್ಟೇ ತಂದೆ. ಈಗ ಮಗಳು ಅದರಲ್ಲೇ ಕಾಲೇಜಿಗೆ ಹೋಗುತ್ತೇನೆ ಅನ್ನುತ್ತಾಳೆ. ಹೋಗಲಿ. ಆದರೆ ಇಳಿಜಾರು ಅದೇ.

ಮಾರನೆಯ ದಿನವೇ ಸೈಕಲ್ ಅಂಗಡಿಗೆ ಒಯ್ದೆ. "ಅಂಕಲ್, ಈ ಫ್ರೇಮ್‌ಗೆ ಡಿಸ್ಕ್ ಬ್ರೇಕ್ ಕೂರಲ್ಲ. ಎಸೆದ್ಬಿಟ್ಟು ಹೊಸದು ತಗೊಳ್ಳಿ," ಎಂದ ಅಂಗಡಿಯವನು.

"ಎಸೆಯೋ ಮಾತು ಬೇಡ. ಇದಕ್ಕೆ ಕೂರೋದ್ರಲ್ಲಿ ಒಳ್ಳೇದು ಯಾವ್ದೋ ಅದನ್ನ ಹಾಕು."

ಚಕ್ರವನ್ನು ಎರಡೂ ಕಡೆಯಿಂದ ಅಮುಕುವ ಉದ್ದ ತೋಳಿನ ವಿ-ಬ್ರೇಕ್ ಹಾಕಿದ. ಹ್ಯಾಂಡಲ್ಲಿನ ಲಿವರ್ ಮಾತ್ರ ಹಳೆಯದೇ ಬಿಟ್ಟ. ಒತ್ತಿ ನೋಡಿದೆ, ಲಿವರ್ ಹೋಗಿ ಹ್ಯಾಂಡಲ್ಲಿಗೇ ತಾಗಿತು.

"ಇದೇನಪ್ಪಾ, ಚಪಾತಿ ಹಿಟ್ಟು ಹಿಚುಕ್ದಂಗಿದೆ?"

"ಹಳೇ ಲಿವರ್ ಕೇಬಲ್‌ನ ಅಷ್ಟೇ ಎಳೆಯೋದು ಅಂಕಲ್, ಈ ಬ್ರೇಕ್‌ಗೆ ಜಾಸ್ತಿ ಎಳೀಬೇಕು. ನಿಲ್ಲುತ್ತಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ನನ್ನ ದನಿ ರಸ್ತೆಯ ಆಚೆಗೆ ಕೇಳಿಸಿತು. "ಅಡ್ಜಸ್ಟ್ ಮಾಡ್ಕೊಂಡೇ ನನ್ ಸ್ಕೂಲು ಹೋಯ್ತು ಗುರು! ಲಿವರ್ ಬದಲಾಯ್ಸು!" ಅವನಿಗೆ ತಲೆಬುಡ ತಿಳಿಯಲಿಲ್ಲ. ಪಕ್ಕದ ಜ್ಯೂಸ್ ಅಂಗಡಿಯವನು ಹೊರಗೆ ಬಂದು ನೋಡಿದ. ನೋಡಲಿ. ಹೊಸ ಲಿವರ್ ಕೂರುವವರೆಗೆ ನಾನು ಅಲ್ಲಿಂದ ಅಲುಗಲಿಲ್ಲ.

ಮನೆಗೆ ತಂದರೆ ಅಪ್ಪ ಮತ್ತೆ ಶುರು ಮಾಡಿದ. "ಬ್ರೇಕಿಲ್ದೇನೆ ನಿನ್ನ ಸಾಕ್ಲಿಲ್ವೇನ್ಲಾ?"

"ಸಾಕ್ದೆ. ಓದುಸ್ಲಿಲ್ಲ."

ಅಪ್ಪ ಬೀದಿಯ ಕಡೆ ತಿರುಗಿದ. "ಚಪ್ಪಲಿ ಹಳೇದಾಗಿತ್ತು," ಅಂದ, ಮೆಲ್ಲಗೆ.

ಅಷ್ಟರಲ್ಲಿ ಮಗಳು ಸೈಕಲ್ ತಳ್ಳಿಕೊಂಡು ದಿಬ್ಬ ಹತ್ತಿಯಾಗಿತ್ತು. ಮೇಲಿನಿಂದ ಬಿಟ್ಟಳು ನೋಡಿ, ಜಡೆ ಹಾರುವಷ್ಟು ಜೋರು. ನಾನು ಗೇಟು ಹಿಡಿದು ನಿಂತೆ. ಹತ್ತಿರ ಬಂದು ಎರಡು ಬೆರಳಿನಲ್ಲಿ ಲಿವರ್ ಒತ್ತಿದಳು. ಗೇಟಿಗೆ ಒಂದು ಮಾರು ದೂರದಲ್ಲಿ ಸೈಕಲ್ಲು ನಿಂತಿತು. ಸದ್ದಿಲ್ಲ, ವಾಸನೆಯಿಲ್ಲ. ನಿಲ್ಲುವವರೆಗೂ ಅವಳ ಪಾದಗಳು ಪೆಡಲ್ಲಿನಿಂದ ಕದಲಲಿಲ್ಲ.

ಗೆದ್ದೆ ಎಂದುಕೊಂಡು ಅಪ್ಪನ ಕಡೆ ತಿರುಗಿದೆ. ಅವನ ಸೊಟ್ಟ ಬಲಗಾಲು ಜಗುಲಿಯ ಮೆಟ್ಟಿಲಿಗೆ ಒತ್ತಿಕೊಂಡಿತ್ತು, ಬೆರಳು ಬಿಳಿಚಿಕೊಳ್ಳುವಷ್ಟು ಬಲವಾಗಿ.

"ಬಿಡಪ್ಪಾ, ನಿಂತ್ಲು," ಎಂದೆ.

ಆಮೇಲೆ ನೋಡಿಕೊಂಡರೆ ನನ್ನ ಬಲಗಾಲೂ ನೆಲಕ್ಕೆ ಒತ್ತಿಕೊಂಡಿತ್ತು. ಸಿಟ್ಟು ಇಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕಾಲನ್ನು ಮಾತ್ರ ಎತ್ತಿಕೊಂಡೆ. ಅಪ್ಪ ಇನ್ನೂ ಒತ್ತಿಕೊಂಡೇ ಇದ್ದ.