ಹರವಿಯ ಪಾಳಿ

ಹೊಸ ಹರವಿಗೆ ಮೊದಲ ಸಲ ನೀರು ತುಂಬಿದಾಗ ಬರುವ ಮಣ್ಣಿನ ವಾಸನೆ ನಿಮಗೆ ಇಷ್ಟವೆ? ನನಗಂತೂ ಇಷ್ಟ. ಆದರೂ ಮೊನ್ನೆ ಸೊಸೆ ಹಳಿಯಾಳದ ಸಂತೆಯಿಂದ ತಂದ ಹರವಿಯನ್ನು ನಾನು ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಬೆರಳಿನಿಂದ ತಟ್ಟಿ ನೋಡಿದೆ, ಬಿಸಿಲಿಗೆ ಹಿಡಿದು ನೋಡಿದೆ, ಕೊನೆಗೆ ನೀರು ತುಂಬಿಸಿ ಅದರೆದುರು ಒಂದು ತಾಸು ಕಾವಲು ಕೂತೆ. "ಮಾವಾರ, ಅದು ಹರವಿ ಐತ್ರಿ, ಕಳ್ಳ ಅಲ್ಲ," ಎಂದಳು ಸೊಸೆ. ಆ ವಾಸನೆ ಮೂಗಿಗೆ ಬಡಿಯುತ್ತಲೇ ನನಗೆ ನಾನು ಚಿಕ್ಕಂದಿನಲ್ಲಿ ಕಲಿತ ಸಾಲಿಯ ಪಡಸಾಲೆಯ ಮೂಲೆ ನೆನಪಾಯಿತು.

ಸಂಶಯ ನಮ್ಮ ಮನೆತನದ ಆಸ್ತಿ. ನಮ್ಮಪ್ಪನದು ಪೇಟೆಯಲ್ಲಿ ಕಿರಾಣಿ ಅಂಗಡಿ. ಹಣೆ ತುಂಬ ವಿಭೂತಿ, ಕಣ್ಣ ತುಂಬ ಅನುಮಾನ. ಯಾರಾದರೂ ದಾರಿಯಲ್ಲಿ ನಕ್ಕು "ಆರಾಮ ಅದೀರೇನ್ರಿ" ಎಂದರೆ, "ಇವ ಯಾಕ ನಕ್ಕ?" ಎಂದು ರಾತ್ರಿ ಊಟದವರೆಗೂ ವಿಚಾರ ಮಾಡುವವನು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಎಲ್ಲರಿಗೂ ಕಾಮಾಲೆ.

ಅಂಥ ಅಪ್ಪನ ಊರಿಗೆ, ಎರಡನೆಯ ಮಹಾಯುದ್ಧದ ದಿನಗಳಲ್ಲಿ, ಧಾರವಾಡದ ಕಡೆಯಿಂದ ಹೊಸ ಹೆಡ್‌ಮಾಸ್ತರರು ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಬಂದ ವಾರದಲ್ಲೇ ಪ್ರತಿ ಹುಡುಗನನ್ನೂ ನಿಲ್ಲಿಸಿ, "ಮನ್ಯಾಗ ಏನ ಮಾತಾಡತೀರಿ?" ಎಂದು ಕೇಳಿದರು. ಸಾಕಲ್ಲ! ಮರಾಠಿಯವರು, ಇವ ಕನ್ನಡದವರ ಲೆಕ್ಕ ಹಿಡಿಯಲು ಬಂದಿದ್ದಾನೆ ಎಂದರು. ಕನ್ನಡದವರು, ಮರಾಠಿಯವರ ಲೆಕ್ಕ ಹಿಡಿಯಲು ಎಂದರು. ಮೋಟಾರು ರಿಪೇರಿ ಮಾಡುತ್ತಿದ್ದ ನನ್ನ ಗೆಳೆಯ ಮಕಬೂಲನ ತಂದೆ, ಇವನು ಪೊಲೀಸರ ಕಡೆಯವನೇ ಸೈ ಎಂದು ಆಣೆ ಮಾಡಿದರು. ಅಪ್ಪ ಮಾತ್ರ ಒಂದೇ ಮಾತು ಹಿಡಿದು ಕೂತ: "ಧಾರವಾಡದಂಥಾ ಧಾರವಾಡ ಬಿಟ್ಟು ಈ ಅಡವಿಗೆ ಯಾಕ ಬಂದಾನ? ಏನರ ಒಂದು ಐತಿ."

ಅಪ್ಪನಿಗೆ ಬೇಕಾಗಿದ್ದ ಆ 'ಏನರ ಒಂದು' ಹರವಿಯ ರೂಪದಲ್ಲಿ ಸಿಕ್ಕಿತು.

ಸಾಲಿಯಲ್ಲಿ ನೀರು ಕುಡಿಯುವ ರೀತಿ ಹೇಗಿತ್ತೆಂದು ಹೇಳಿಬಿಡುತ್ತೇನೆ. ಹರವಿಗೆ ಎಲ್ಲರೂ ಕೈಹಾಕುವಂತಿರಲಿಲ್ಲ. ದೊಡ್ಡ ಮನೆಯ ಹುಡುಗನೊಬ್ಬ ಚರಿಗೆಯಿಂದ ನೀರು ಹಾಕಬೇಕು, ಉಳಿದವರು ಬೊಗಸೆ ಹಿಡಿದು ಕುಡಿಯಬೇಕು. ನಮ್ಮ ವರ್ಗದ ಬಸ್ತ್ಯಾಂವ ಎಲ್ಲರಿಗಿಂತ ಕೊನೆಗೆ, ಎರಡು ಮಾರು ದೂರ ನಿಲ್ಲಬೇಕು. ಅವನ ಬೊಗಸೆಗೆ ಎತ್ತರದಿಂದ ಹಾಕಿದ ನೀರು ಅರ್ಧ ಅಂಗಿಯ ಮೇಲೆಯೇ ಬೀಳುತ್ತಿತ್ತು. ಬಸ್ತ್ಯಾಂವ ಸಿದ್ದಿ ಹುಡುಗ. ಊರಿಗೆ ಒಂದೂವರೆ ತಾಸಿನ ಅಡವಿ ದಾರಿ ನಡೆದು ಬರುತ್ತಿದ್ದ. ಅವನ ವಾಡೆಯಿಂದ, ಅಂದರೆ ಅಡವಿಯೊಳಗಿನ ಸಿದ್ದಿಗಳ ಕೇರಿಯಿಂದ, ಸಾಲಿಯ ಮೆಟ್ಟಿಲು ಹತ್ತಿದ ಮೊದಲನೆಯವನು ಅವನೇ. ಅವನು ಸಾಲಿ ಬಿಟ್ಟರೆ ಹಿಂದಿನಿಂದ ಇನ್ನೊಬ್ಬ ಬರುವ ಮಾತಿರಲಿಲ್ಲ.

ಹೆಡ್‌ಮಾಸ್ತರರು ಹಾಜರಿ ಪಟ್ಟಿಯನ್ನು ಹೊಸದಾಗಿ ಬರೆದು ಗೋಡೆಗೆ ಅಂಟಿಸಿದರು. ಅದೇ ಕ್ರಮದಲ್ಲಿ ವಾರಕ್ಕೊಬ್ಬರು ನೀರು ತಂದು, ಸೋಸಿ, ಎಲ್ಲರಿಗೂ ಹಾಕಬೇಕು. ಭಾಷಣವಿಲ್ಲ, ಉಪದೇಶವಿಲ್ಲ. ಮೊದಲ ಕೆಲವು ವಾರ ಹೇಗೋ ಸಾಗಿತು. ಬಸ್ತ್ಯಾಂವನ ಪಾಳಿ ಬಂದ ಸೋಮವಾರ ನೋಡಿದರೆ ಎಲ್ಲ ಹುಡುಗರ ಬಗಲಲ್ಲೂ ಮನೆಯ ತಂಬಿಗೆ! ನನ್ನ ಬಗಲಲ್ಲೂ ಇತ್ತು. ಮಕಬೂಲನಲ್ಲೂ ಇತ್ತು. "ನೀನ್ಯಾಕ ತಂದೀಯೋ?" ಎಂದರೆ, "ಎಲ್ಲಾರೂ ತರಾಕತ್ತಾರಂತ ಅಬ್ಬಾ ಕೊಟ್ಟ," ಎಂದ.

ನನಗೆ ಅಪ್ಪ ಇನ್ನೊಂದು ಕೆಲಸ ಹಚ್ಚಿದ್ದ. "ಆ ಮಾಸ್ತರ ಖರೇನ ಕುಡೀತಾನೋ, ಬರೇ ಸೋಗು ಹಾಕತಾನೋ, ಕಣ್ಣಿಟ್ಟು ನೋಡಿಕೊಂಡ ಬಾ. ಸೋಗು ಅಂದ್ರ ಸಾಲಿ ಬೋರ್ಡಿಗೆ ಅರ್ಜಿ ಬರೀತೇನಿ. ಮಾಸ್ತರನೂ ಹೋಗತಾನ, ಆ ಹುಡುಗನೂ ಹೋಗತಾನ." ಇಂಥ ಕೆಲಸ ನನಗೆ ಪಂಚಪ್ರಾಣ. ಮೂರು ದಿನ ಕಂಬದ ಮರೆಯಲ್ಲಿ ನಿಂತೆ. ಮೂರೂ ದಿನ ಹೆಡ್‌ಮಾಸ್ತರರೊಬ್ಬರೇ ಬಂದು, ಬೊಗಸೆ ಹಿಡಿದು ಕುಡಿದು ಹೋದರು. ಉಳಿದ ಹೊತ್ತೆಲ್ಲ ಬಸ್ತ್ಯಾಂವ ಚರಿಗೆ ಹಿಡಿದು ಹರವಿಯ ಪಕ್ಕ ನಿಂತೇ ಇರುತ್ತಿದ್ದ. ಬೇಸಿಗೆಯ ಬಿಸಿಲು, ತಂಬಿಗೆಯ ನೀರು ಕಾದು ಬೆಚ್ಚಗಾಗಿದ್ದರೂ ಯಾರೂ ಅತ್ತ ಸುಳಿಯಲಿಲ್ಲ.

ನಾನು ಹೋಗಿ ವರದಿ ಒಪ್ಪಿಸಿದೆ, "ಮಾಸ್ತರ ಕುಡೀತಾರ." ಅಪ್ಪ ನನ್ನನ್ನೇ ಮೇಲಿಂದ ಕೆಳಗೆ ನೋಡಿದ. "ಗಂಟಲ ಅಲ್ಲಾಡಿದ್ದು ನೋಡೀಯೇನು? ನೀನೂ ಅವರ ಕಡೆ ಆದ್ಯೋ ಏನೋ!"

ಗುರುವಾರ ಗಂಟಲು ನೋಡಲೆಂದೇ ಹರವಿಯ ಹತ್ತಿರ ಹೋದೆ. ಮಾಸ್ತರರು ಇನ್ನೂ ಬಂದಿರಲಿಲ್ಲ. ನನ್ನನ್ನು ಕಂಡು ಬಸ್ತ್ಯಾಂವನ ಮುಖ ಅರಳಿತಲ್ಲ, ಅದನ್ನು ಹೇಗೆ ಹೇಳಲಿ! ಇವ ನೀರಿಗೆ ಬಂದ ಅಂದುಕೊಂಡ ಪಾಪ. "ಬಾ ರೇ, ಥಂಡ ಐತಿ. ಎರಡ ಸಲ ಸೋಸೀನಿ," ಎಂದು ಚರಿಗೆ ತುಂಬಿಕೊಂಡ.

ಇಲ್ಲ ಎನ್ನಲು ಬಾಯಿ ಬರಲಿಲ್ಲ, ಕುಡಿಯಲು ಎದೆ ಬರಲಿಲ್ಲ. ಬೊಗಸೆ ಹಿಡಿದೆ, ಬಗ್ಗಿದೆ, ಬೆರಳು ಸಡಿಲ ಬಿಟ್ಟೆ. ನೀರೆಲ್ಲ ಮೊಳಕೈಗುಂಟ ಇಳಿದು ನೆಲಕ್ಕೆ ಹೋಯಿತು. ಒಣಗಿದ ತುಟಿಯನ್ನು ತೋಳಿನಿಂದ ಒರೆಸಿಕೊಂಡು, "ಚಲೋ ಐತಿ," ಎಂದೆ. ಬಸ್ತ್ಯಾಂವ ನನ್ನ ಮುಖ ನೋಡಲಿಲ್ಲ. ನನ್ನ ಕಾಲ ಬುಡದ ನೆಲ ನೋಡಿದ. ಅಲ್ಲಿ ಚರಿಗೆಯ ನೀರಷ್ಟೂ ಇತ್ತು.

ಮಾಸ್ತರರು ಸೋಗು ಹಾಕುತ್ತಾರೆಂದು ಹಿಡಿಯಲು ಹೋದವನು ನಾನು, ಸ್ವಾಮಿ!

ಶುಕ್ರವಾರ ಬಸ್ತ್ಯಾಂವ ಬರಲಿಲ್ಲ. ಹೆಡ್‌ಮಾಸ್ತರರು ವರ್ಗಕ್ಕೆ ಬಂದು, "ನಿನ್ನೆ ಹರವಿ ಹತ್ರ ಯಾರು ಹೋಗಿದ್ರಿ?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಅಂಗಿಯ ತೋಳು ಮುಚ್ಚಿಕೊಂಡೆ. ಅವರ ಖೋಲಿಗೆ ಕರೆದರು. ಛಡಿ ಮೇಜಿನ ಮೇಲೇ ಇತ್ತು.

"ನಾ ಕುಡೀತೇನೋ ಇಲ್ಲೋ ನೋಡಾಕ ಬರತಿದ್ದಿ, ಹೌದಲ್ಲೋ?"

"ಹೌದ್ರಿ."

"ಕುಡದೆನೋ ಇಲ್ಲೋ?"

"ಕುಡದ್ರಿ."

"ಮತ್ತ ನೀ?"

ನಾನು ಅತ್ತುಬಿಟ್ಟೆ. ಹೊಡೆದಿದ್ದರೆ ಚೆನ್ನಾಗಿತ್ತು, ಹೊಡೆಯಲಿಲ್ಲ. ಛತ್ರಿ ತೆಗೆದುಕೊಂಡು, "ನಡಿ, ಹೋಗೂಣು," ಎಂದರು.

ದಾರಿಯುದ್ದಕ್ಕೂ ನನಗೆ ಅನುಮಾನ, ಇವರು ನನ್ನಿಂದ ಅವನ ಕಾಲು ಹಿಡಿಸುತ್ತಾರೆಂದು. ವಾಡೆ ಮುಟ್ಟಿದಾಗ ಬಸ್ತ್ಯಾಂವ ಗುಡಿಸಲ ಹಿಂದೆ ಬಿದಿರು ಸೀಳುತ್ತಿದ್ದ. ಅವನ ತಾಯಿ, "ಸಾಲಿ ಸಾಕ್ರಿ ಅವಂಗ. ಅಲ್ಲಿ ನಿಂತು ನಿಂತು ಹೈರಾಣಾದ," ಎಂದಳು. ಮಾಸ್ತರರು ಸಮಾಧಾನದ ಮಾತಾಡಲಿಲ್ಲ. ನನ್ನಿಂದ ಕ್ಷಮೆಯನ್ನೂ ಕೇಳಿಸಲಿಲ್ಲ. ಕಟ್ಟೆಯ ಮೇಲೆ ಕೂತು ಹುಡುಗನಿಗೆ ಇಷ್ಟೇ ಹೇಳಿದರು: "ಸೋಮವಾರದಿಂದ ಇವನ ಪಾಳಿ. ಇವ ಹಾಕಿದ ನೀರ ಕುಡೀಬೇಕೋ, ಚೆಲ್ಲಬೇಕೋ, ಅದು ನಿನ್ನ ಮರ್ಜಿ. ನಿನ್ನ ಬಿಟ್ಟು ಯಾರೂ ಅದನ್ನ ಹೇಳಾಕ ಬರೂದಿಲ್ಲ." ಬಸ್ತ್ಯಾಂವ ಬಿದಿರು ಸೀಳುವುದನ್ನು ನಿಲ್ಲಿಸಲಿಲ್ಲ.

ಶನಿವಾರವೂ ಅವನು ಬರಲಿಲ್ಲ. ಸೋಮವಾರ ನಾನು ನಸುಕಿನಲ್ಲೇ ಹೋಗಿ ಹರವಿ ತಿಕ್ಕಿ ತೊಳೆದೆ, ನೀರು ಮೂರು ಸಲ ಸೋಸಿದೆ. ಹಾಕುವವನು ಪೇಟೆಯ ಸಾವಕಾರರ ಮಗನಲ್ಲವೆ, ಒಬ್ಬರ ಬಗಲಲ್ಲೂ ತಂಬಿಗೆ ಇರಲಿಲ್ಲ! ಎಲ್ಲರೂ ಸಾಲುಗಟ್ಟಿ ಗಟಗಟ ಕುಡಿದರು. ಆ ಸಾಲು ನೋಡಿ ನನಗೆ ಅಸಹ್ಯವಾಯಿತು. ಸಾಲಿನ ಕೊನೆಗೆ ಬಸ್ತ್ಯಾಂವ ನಿಂತಿದ್ದ. ಎರಡು ಮಾರು ದೂರವಲ್ಲ, ಮಕಬೂಲನ ಬೆನ್ನ ಹಿಂದೆಯೇ.

ಬೊಗಸೆ ಹಿಡಿದ. ನಾನು ಬಗ್ಗಿ ಹಾಕುವಾಗ ಚರಿಗೆ ಅವನ ಬೆರಳಿಗೆ ತಾಗಿತು. ಚೆಲ್ಲುತ್ತಾನೆ, ಎಲ್ಲರೆದುರು ಚೆಲ್ಲಿಯೇ ಚೆಲ್ಲುತ್ತಾನೆ ಅಂದುಕೊಂಡೆ, ನಾನಾಗಿದ್ದರೆ ಚೆಲ್ಲುತ್ತಿದ್ದೆ. ಅವನು ಒಂದು ಹನಿ ಬಿಡದೆ ಕುಡಿದು, ಎರಡೂ ಅಂಗೈ ಬಿಚ್ಚಿ ನನಗೆ ತೋರಿಸಿದ. ಆಮೇಲೆ ನನ್ನ ಕೈಯಿಂದ ಚರಿಗೆ ಇಸಿದುಕೊಂಡು, ಹರವಿಯಲ್ಲಿ ಅದ್ದಿ ತುಂಬಿ, "ಈಗ ನೀ ಹಿಡಿ," ಎಂದ.

ಹಿಡಿದೆ. ಇಡೀ ಸಾಲಿ ನೋಡುತ್ತಿತ್ತು. ಕುಡಿದೆ. ಬಸ್ತ್ಯಾಂವ ಸೊಂಟ ಬಗ್ಗಿಸಿ ನನ್ನ ಕಾಲ ಬುಡದ ನೆಲ ಪರೀಕ್ಷೆ ಮಾಡಿದ. "ಕುಡದ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಮಕಬೂಲ ಪುಸುಕ್ಕನೆ ನಕ್ಕ, ಮತ್ತೆ ತಾನೂ ಬಂದು ಬೊಗಸೆ ಹಿಡಿದ.

ಸುದ್ದಿ ಅಂಗಡಿಗೆ ನನಗಿಂತ ಮೊದಲು ಮುಟ್ಟಿತು. ಅಪ್ಪ ಹೊಡೆಯಲಿಲ್ಲ. ಆ ವಾರವೆಲ್ಲ ಮನೆಯ ಹರವಿ ಮುಟ್ಟುವಂತಿಲ್ಲ ಎಂದ. ಅವ್ವ ಕಣ್ಣು ತಪ್ಪಿಸುತ್ತ ಎತ್ತರದಿಂದ ನೀರು ಹಾಕುತ್ತಿದ್ದಳು, ಅರ್ಧ ನನ್ನ ಅಂಗಿಯ ಮೇಲೆ ಬೀಳುತ್ತಿತ್ತು. ಬೇಕೆಂದಾಗ ಹರವಿಗೆ ಕೈಹಾಕಲು ಎಂಟು ದಿನ ನನಗೆ ಸಾಲಿಯೊಂದೇ ಉಳಿದಿತ್ತು. ಗೋಡೆಯ ಮೇಲಿನ ಆ ಪಟ್ಟಿಯಲ್ಲಿ ನನ್ನ ಹೆಸರು ಬಸ್ತ್ಯಾಂವನ ಬೆನ್ನಿಗೇ ಬಂದದ್ದು ಹೇಗೆ ಎಂಬ ಅನುಮಾನ ಆಗಲೇ ಹುಟ್ಟಿತು. ಮಾಸ್ತರರನ್ನು ಕೇಳಿದ್ದಕ್ಕೆ, "ನಿನಗ ಭಾಳ ಸಂಶಯ ನೋಡು," ಎಂದು ನಕ್ಕರು.

ಏಳನೆಯ ವರ್ಗದ ಮುಲ್ಕಿ ಪರೀಕ್ಷೆಯವರೆಗೆ ಬಸ್ತ್ಯಾಂವ ನನ್ನ ಪಕ್ಕದಲ್ಲೇ ಕೂತ. ಅವನ ಹಿಂದೆ ವಾಡೆಯಿಂದ ಇನ್ನೂ ಇಬ್ಬರು ಬಂದರು. ಆದರೆ ನಾನು ನೀರು ಕುಡಿದಾಗಲೆಲ್ಲ ಅವನ ಕಣ್ಣು ನನ್ನ ಕಾಲ ಬುಡಕ್ಕೆ ಹೋಗುತ್ತಿತ್ತು. ಜಗಳವಿರಲಿಲ್ಲ, ಮಾತು ನಗೆ ಎಲ್ಲ ಇತ್ತು, ಆದರೂ ಹೋಗುತ್ತಿತ್ತು. ತಿಂಗಳುಗಟ್ಟಲೆ ಹೋಯಿತು. ನನಗೆ ಪ್ರತಿ ಸಲವೂ ನಾಚಿಕೆಯಾಗುತ್ತಿತ್ತು, ಅವನ ಹಕ್ಕು ಅದು ಎಂದೂ ಗೊತ್ತಿತ್ತು.

ಮುಂದೆ ಎಂದೋ ಅವನು ನೋಡುವುದನ್ನು ಬಿಟ್ಟ. ಯಾವ ದಿನ? ಅದೇ ಗೊತ್ತಿಲ್ಲ ನೋಡಿ. ಇಷ್ಟು ವಯಸ್ಸಾಯಿತು, ಹಾಸಿಗೆಯಲ್ಲಿ ಮಲಗಿ ಒಂದೊಂದೇ ದಿನ ತಿರುವಿ ಹಾಕುತ್ತೇನೆ, ಸಿಗುವುದಿಲ್ಲ. ಕಂಡದ್ದರ ಮೇಲೆಲ್ಲ ಕಣ್ಣಿಟ್ಟು ಬದುಕಿದ ನಾನು, ನನ್ನನ್ನು ಒಬ್ಬ ನಂಬಿದ ದಿನವನ್ನು ನೋಡದೇ ಬಿಟ್ಟೆ.